ಒಳ್ಳೆಯ ಬೀಜದ ತಟ್ಟೆ

ಕುಶಾಲನಗರ
೨೦ ಫೆಬ್ರವರಿ ೨೦೨೫, ಗುರುವಾರ

ಮುದ್ದು ಮಗಳು ಮಾನಸಳಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಮಾತಾಡಿದರೆ ನೀನೂ ಸಿಡುಕುತ್ತೀಯ, ನಾನೂ ಸಿಡುಕುತ್ತೇನೆ. ಅದೂ ಅಲ್ಲದೆ ನಮ್ಮ ಸೂಪರ್‌ವೈಸರ್ ಶಿವಪ್ರಕಾಶನ ಕಿವಿ ಎಲ್ಲೆಲ್ಲಿ ಇರುತ್ತದೋ ಹೇಳಲಾಗುವುದಿಲ್ಲ. ಅದಕ್ಕೇ ಈ ಕಾಗದವನ್ನು ವಿರಾಜಪೇಟೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಗೋಂದು ಹಚ್ಚಿ ಅದರ ಮೇಲೆ ಸಹಿ ಹಾಕುತ್ತೇನೆ. ಲಕೋಟೆ ಬಿಡಿಸಿ ಅಂಟಿಸಿದ ಹಾಗೆ ಕಂಡರೆ ತಿಳಿಸು, ಆ ಕಂಡಕ್ಟರನ್ನು ವಿಚಾರಿಸಿಕೊಳ್ಳುತ್ತೇನೆ.

ಸೋಮವಾರದೊಳಗೆ ನೀನು ಕಂಪನಿಗೆ ಉತ್ತರ ಬರೆದು ಕೊಡದಿದ್ದರೆ ಕೆಲಸ ಹೋಗುತ್ತದೆ ಎಂದು ಗೊತ್ತಾದಾಗಿನಿಂದ ನನಗೆ ಅದೊಂದೇ ಯೋಚನೆ. ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ನೀನು ನಿಂತು ಕೂರಿಸಿದ ಮಿಷನ್ನು, ಬಣ್ಣ ನೋಡಿ ಬೀಜ ಆರಿಸುವ ಮಿಷನ್ನು, ಮೊದಲ ಲಾರಿಯಲ್ಲೇ ಮಾನ ಕಳೆಯಿತು. ಬಿಳಚಿಕೊಂಡ ಹಳದಿ ಬೀಜವನ್ನೆಲ್ಲ ಒಳ್ಳೆಯ ಹಸಿರು ಬೀಜದ ಜೊತೆಗೇ ಬಿಟ್ಟಿತು. ಮಂಗಳೂರಿನಿಂದ ಸರಕು ವಾಪಸು ಬಂತು. ಮಾನಸ ಮಿಷನ್ನಿಗೆ ಸರಿಯಾಗಿ ಕಲಿಸಲಿಲ್ಲ ಎಂದು ಈಗ ಎಲ್ಲರ ಬಾಯಲ್ಲೂ ಅದೇ ಮಾತು.

ನಾನು ನಂಬುವುದಿಲ್ಲ. ನನಗೆ ಮೊದಲ ಅನುಮಾನ ಶಿವಪ್ರಕಾಶನ ಮೇಲೆ. ಮಿಷನ್ನಿನೊಳಗಿನ ಕ್ಯಾಮೆರಾದ ಮುಂದಿನ ಗಾಜನ್ನು ದಿನಾ ಒರೆಸಬೇಕು ಎಂದು ನೀನು ಅವನಿಗೆ ಹೇಳಿದ್ದೆ. ಒರೆಸುವುದನ್ನು ನಾನು ಒಂದು ದಿನವೂ ನೋಡಿಲ್ಲ. ಮೊನ್ನೆ ಎಲ್ಲರೂ ಟೀಗೆ ಹೋದ ಹೊತ್ತಿನಲ್ಲಿ ಒಬ್ಬನೇ ಮಿಷನ್ನಿನ ಬಾಗಿಲು ತೆಗೆದು ಒಳಗೆ ಕೈ ಹಾಕಿದ್ದ. ಏನ್ ಮಾಡ್ತಿದೀರ ಎಂದು ಕೇಳಿದರೆ, ಏನಿಲ್ಲ ಕಣಮ್ಮ, ನಿಮ್ ಮಗ್ಳ ಮಿಷನ್ ಕಣ್ಣಿಗೆ ಕಸ ಬಿದ್ದೈತೆ ಎಂದು ಹಲ್ಲು ಕಿರಿದ. ಅದರಲ್ಲಿ ನಗುವಂಥದ್ದು ಏನಿದೆಯೋ ನನಗಂತೂ ಗೊತ್ತಾಗಲಿಲ್ಲ.

ಬೇಜಾರು ಮಾಡಿಕೊಳ್ಳಬೇಡ, ಆ ಮಿಷನ್ನನ್ನೂ ನಾನು ಪೂರ್ತಿ ನಂಬಿದವಳಲ್ಲ. ಬೀಜ ಜಾರಿ ಕೆಳಗೆ ಬೀಳುವಷ್ಟರಲ್ಲಿ ಎರಡೂ ಕಡೆಯಿಂದ ಬೆಳಕು ಬಿಟ್ಟು, ಬಣ್ಣ ನೋಡಿ, ಕೆಟ್ಟದ್ದನ್ನು ಫಟ್ ಎಂದು ಗಾಳಿ ಊದಿ ಆಚೆ ತಳ್ಳುತ್ತದಂತೆ. ಒಂದು ಬೀಜವನ್ನು ಕೈಯಲ್ಲಿ ಹಿಡಿದು ತಿರುಗಿಸದೆ ಅದರ ಗುಣ ಹೇಳುವುದು ಎಂದರೇನು? ಇಪ್ಪತ್ತಾರು ವರ್ಷ ಆರಿಸಿದ ನನಗೇ ಒಮ್ಮೊಮ್ಮೆ ಎರಡು ಸಲ ನೋಡಬೇಕಾಗುತ್ತದೆ.

ಇನ್ನು ಚಿನ್ನ. ಇಪ್ಪತ್ತಮೂರು ವರ್ಷದಿಂದ ನನ್ನ ಪಕ್ಕದಲ್ಲೇ ಕೂತು ಬೀಜ ಆರಿಸುವವಳು, ನಿನ್ನನ್ನು ಎತ್ತಿ ಆಡಿಸಿದವಳು, ಆದರೂ ಹೇಳುತ್ತೇನೆ. ಒಂದು ವರ್ಷದಿಂದ ಅವಳ ಕೈ ಸುಮ್ಮನಿಲ್ಲ. ನಾನು ನೀರು ಕುಡಿಯಲು ಎದ್ದರೆ ಸಾಕು, ನನ್ನ ತಟ್ಟೆಗೆ ಕೈ ಹಾಕುತ್ತಾಳೆ. ಕೇಳಿದರೆ, ಸುಮ್ನೆ ಅಕ್ಕಾ, ಕೂತು ಕೂತು ಬೇಜಾರಾಯ್ತು ಅನ್ನುತ್ತಾಳೆ. ನನ್ನನ್ನು ಕೆಲಸದಿಂದ ಎಬ್ಬಿಸಿದರೆ ಆ ಮೇಜಿಗೆ ಹಿರಿಯಳು ಅವಳೇ. ಅದಕ್ಕೇ, ಕಳೆದ ತಿಂಗಳು ನೀನು ಮಿಷನ್ನಿಗೆ ತೋರಿಸಿ ಕಲಿಸಲು ಒಂದು ತಟ್ಟೆ ಒಳ್ಳೆಯ ಬೀಜ, ಒಂದು ತಟ್ಟೆ ಕೆಟ್ಟ ಬೀಜ ಆರಿಸಿಕೊಡಮ್ಮ ಎಂದಾಗ, ಅವಳನ್ನು ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು ಆರಿಸಿದೆ. ನೀನೂ ಒಮ್ಮೆ ತಟ್ಟೆ ನೋಡಬೇಕಿತ್ತು. ಅಮ್ಮ ಆರಿಸಿದ್ದು ಎಂದು ನೋಡದೆ ಹಾಗೇ ಸುರಿದೆ.

ಇಷ್ಟು ಬರೆದ ಮೇಲೂ ಯಾರ ಹೆಸರನ್ನೂ ಗಟ್ಟಿಯಾಗಿ ಹೇಳಲು ಆಗುತ್ತಿಲ್ಲ. ಹಾಗಾಗಿ ಒಪ್ಪಿಕೊಂಡುಬಿಡುತ್ತೇನೆ. ಆ ಒಳ್ಳೆಯ ಬೀಜದ ತಟ್ಟೆಗೆ ಹಳದಿ ಬೀಜ ಬೆರೆಸಿದವಳು ನಾನೇ. ಬೇಕೆಂದೇ ಬೆರೆಸಿದೆ. ಮಿಷನ್ ಗೆದ್ದರೆ ಮೇಜಿನ ಹನ್ನೆರಡು ಹೆಂಗಸರು ಮನೆಗೆ ಹೋಗಬೇಕಾಗುತ್ತದೆ, ಅದು ಸೋಲಲಿ ಎಂದು ಮಾಡಿದೆ. ನಿನ್ನ ಉತ್ತರದಲ್ಲಿ ಹಾಗೇ ಬರೆ. ನಿನ್ನನ್ನು ಬಿಡುತ್ತಾರೆ. ನನ್ನನ್ನು ಏನು ಮಾಡುತ್ತಾರೋ ಮಾಡಲಿ.

ರೂಮಿನಲ್ಲಿ ಒಬ್ಬಳೇ ಕೂತು ಅಳಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಕಾಮಾಕ್ಷಮ್ಮ

ಮರೆತ ಮಾತು: ಅಂಟಿಸಿದ ಲಕೋಟೆಯನ್ನು ಬಿಡಿಸಿದವಳು ನಾನೇ, ಕಂಡಕ್ಟರನ್ನು ಏನೂ ಕೇಳಬೇಡ. ಮರೆತದ್ದೂ ಅಲ್ಲ. ಮೇಲೆ ಒಪ್ಪಿಕೊಂಡದ್ದು ಸುಳ್ಳು. ಅಮ್ಮನ ಮೇಲೆ ಹೊರೆಸಿ ನೀನು ಉತ್ತರ ಬರೆಯುವವಳಲ್ಲ, ಬಾಯಿ ಮುಚ್ಚಿಕೊಂಡು ಕೆಲಸ ಬಿಟ್ಟು ಬರುವವಳು ಎಂದು ಅಂಟಿಸಿದ ಮೇಲೆ ಹೊಳೆಯಿತು. ನಾನು ಏನನ್ನೂ ಬೆರೆಸಲಿಲ್ಲ ಮಗಳೇ. ಒಳ್ಳೆಯದೆಂದೇ ಆರಿಸಿದೆ. ನನ್ನ ಕಣ್ಣಿಗೆ ಈಗ ಹಳದಿ ಬೀಜವೂ ಹಸಿರು ಬೀಜವೂ ಒಂದೇ. ಮಿಷನ್ ಮೋಸ ಮಾಡಲಿಲ್ಲ, ನಾನು ಕೊಟ್ಟದ್ದನ್ನೇ ಕಲಿಯಿತು.

ಒಳಗೆ ಇಟ್ಟಿರುವ ಚೀಟಿ ದೀಪಾವಳಿಗೆ ಮುಂಚೆ ಕಣ್ಣಿನ ಕ್ಯಾಂಪಿನಲ್ಲಿ ಕೊಟ್ಟದ್ದು. ಎರಡೂ ಕಣ್ಣಿಗೆ ಪೊರೆ, ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಆಪರೇಷನ್ ಆಗಬೇಕು ಎಂದು ಬರೆದಿದೆ. ಕ್ಯಾಂಪಿಗೆ ಜನ ಸಾಲದೆ ಹೀಗೆ ಹೆದರಿಸುತ್ತಾರೆ ಎಂದುಕೊಂಡು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಆಮೇಲೆ ನೀನು ಎಲ್ಲರೆದುರು, ಈ ಮಿಷನ್ ನಮ್ಮಮ್ಮ ನೋಡ್ದಂಗೆ ನೋಡಿದ್ರೆ ಸಾಕು ಎಂದೆಯಲ್ಲ, ಆಗ ಆಗುವುದಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಮೋಸಗಾತಿ ಅನ್ನಿಸಿಕೊಂಡರೂ ತಡೆದುಕೊಳ್ಳುತ್ತಿದ್ದೆ, ಕಣ್ಣು ಹೋದವಳು ಅನ್ನಿಸಿಕೊಳ್ಳಲು ನಾಚಿಕೆಯಾಯಿತು.

ಈಗಷ್ಟೇ ಚಿನ್ನಳ ಮನೆಗೆ ಹೋಗಿ ಬಂದೆ. ನೇರವಾಗಿ ಕೇಳಿದ್ದಕ್ಕೆ, ಯಾರಾದ್ರೂ ನೋಡ್ಬಿಟ್ರೆ ನಿನ್ನ ಎಬ್ಬಿಸಿಬಿಡ್ತಾರಲ್ಲ ಅಕ್ಕಾ ಎಂದು ಅತ್ತಳು. ಒಂದು ವರ್ಷದಿಂದ ನನ್ನ ತಟ್ಟೆಯಿಂದ ಅವಳು ತೆಗೆಯುತ್ತಿದ್ದದ್ದು ಹಳದಿ ಬೀಜ.

ಚೀಟಿಯನ್ನು ನಿನ್ನ ಉತ್ತರದ ಜೊತೆ ಕೊಡು, ತಾರೀಖು ಕಾಣದ ಹಾಗೆ ಮಡಿಸಬೇಡ. ಮಿಷನ್ನಿಗೆ ಮತ್ತೆ ಕಲಿಸುವಾಗ ಚಿನ್ನಳನ್ನು ಕೂರಿಸು. ನನ್ನನ್ನು ಕರೆಯಬೇಡ.