ಕ್ಯೂಆರ್ ಬೋರ್ಡಿಗೆ ಆಯುಧಪೂಜೆ

ನ್ಯಾಮತಿ,
೧೩ ಅಕ್ಟೋಬರ್ ೨೦೨೫, ಸೋಮವಾರ

ಪ್ರೀತಿಯ ಮನೆಯವರಿಗೆ,

ನಿಮ್ಮ ಪುಷ್ಪಾವತಿ ಮಾಡುವ ನಮಸ್ಕಾರಗಳು. ಆರೋಗ್ಯ ಹೇಗಿದೆ? ಅಂಗಾಲಿನ ಆಣಿ ವಾಸಿಯಾಯಿತೇ? ಕುರಿ ಹಿಂದೆ ಅಲೆಯುವವರು ಹವಾಯಿ ಚಪ್ಪಲಿ ಹಾಕಬಾರದು, ಟಯರ್ ಚಪ್ಪಲಿಯನ್ನೇ ಹಾಕಬೇಕು ಎಂದು ನಿಮ್ಮವ್ವ ದಿನಾ ಹೇಳುತ್ತಾರೆ, ನನಗೆ ಹೇಳಿದರೆ ಏನು ಪ್ರಯೋಜನವೋ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ, ಅಥವಾ ಬಿಳಿಚೋಡಿನ ಹಟ್ಟಿಯಲ್ಲಿ ಜುಂಜಪ್ಪ ಮಾವನ ಜೊತೆ ಬರೀ ಟೀ ಕುಡಿದುಕೊಂಡು ತಿರುಗುತ್ತೀರಾ? ಸುಳ್ಳು ಬರೆಯಬೇಡಿ, ನನಗೆ ಇಲ್ಲಿಂದಲೇ ಕಾಣುತ್ತದೆ. ನಾವು ಮೂವರೂ, ಅಂದರೆ ನಾನು, ಅತ್ತೆ, ಮೇಘಶ್ರೀ ಚೆನ್ನಾಗಿದ್ದೇವೆ. ಮಗಳು ಒಂದು ಹಲ್ಲು ಕಳೆದುಕೊಂಡಿದ್ದಾಳೆ. ಅದನ್ನು ಅಪ್ಪನಿಗೆ ತೋರಿಸಿಯೇ ಚಾವಣಿ ಮೇಲೆ ಎಸೆಯುತ್ತೇನೆಂದು ಸಕ್ಕರೆ ಡಬ್ಬಿಯ ಪಕ್ಕ ಕಾಗದದಲ್ಲಿ ಸುತ್ತಿಟ್ಟಿದ್ದಾಳೆ.

ಮದುವೆಯಾದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಅಂಚೆ ಕಚೇರಿಯಲ್ಲಿ ಕವರ್ ಕೇಳಿದರೆ ಅಲ್ಲಿದ್ದವರು ಯಾವ ಕೆಲಸಕ್ಕಮ್ಮಾ ಅರ್ಜಿ ಎಂದು ವಿಚಾರಿಸಿದರು. ಅರ್ಜಿಯಲ್ಲ, ಗಂಡನಿಗೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಾನಾದರೂ ಏನು ಮಾಡಲಿ? ಮಾವನ ಫೋನಿಗೆ ಮಾಡಿದರೆ ಅವರು ಸ್ಪೀಕರ್ ಹಾಕದೆ ಮಾತಾಡುವುದೇ ಇಲ್ಲ. ಹೋದ ವಾರ ನಾನು ನಿಮ್ಮ ಹತ್ತಿರ ಒಂದು ಮಾತು ಶುರು ಮಾಡುವಷ್ಟರಲ್ಲಿ ಇಡೀ ಹಟ್ಟಿಯೇ ಹಿಂದಿನಿಂದ ನನ್ನ ಕ್ಷೇಮ ವಿಚಾರಿಸಿತು. ಆಮೇಲೆ ನೀವು ಎದ್ದುಹೋದಿರಿ, ಮಾವ ಹೇಳಿದರು: "ಸಾಲ ಪೂರ್ತಿ ತೀರೋಗಂಟ ನ್ಯಾಮತಿಗೆ ಬರಲ್ಲ ಅಂತ ಕುಂತಾನೆ ಕಣವ್ವ. ನಾನು ಹೇಳಿ ಹೇಳಿ ಸಾಕಾಯ್ತು." ಅದನ್ನು ಕೇಳಿ ನನಗೆ ಬಂದ ಸಿಟ್ಟಿಗೆ ಒಲೆಯಿಲ್ಲದೆಯೇ ಎಣ್ಣೆ ಕಾಯುತ್ತಿತ್ತು. ಆವತ್ತು ಸಿಟ್ಟಿನಲ್ಲಿ ಕಲಸಿದ ಹಿಟ್ಟಿಗೆ ಎರಡು ಸಲ ಉಪ್ಪು ಬಿದ್ದು, ಮಿರ್ಚಿ ತಿಂದವರೆಲ್ಲ ನೀರು ಕೇಳಿದರು. ಅದಕ್ಕೇ ಈ ಪತ್ರ.

ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ಆದರೆ ಒಂದು ಸಲ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಅರಗುವುದಿಲ್ಲ. ವರ್ಷಗಟ್ಟಲೆ ನಾನು ಇಲ್ಲಿ ಬಸ್ ಸ್ಟ್ಯಾಂಡ್ ಪಕ್ಕ ಹೊಗೆ ಕುಡಿದುಕೊಂಡು ಮೆಣಸಿನಕಾಯಿ ಕರಿದೆ, ಮಂಡಕ್ಕಿ ಕಲಸಿದೆ. ಅಂಗಡಿಯ ಆ ಪುಟ್ಟ ಡಬ್ಬಿ ಇಷ್ಟು ರೂಪಾಯಿ ಬಂತು, ಅಷ್ಟು ರೂಪಾಯಿ ಬಂತು ಎಂದು ಕೂಗಿದಾಗಲೆಲ್ಲ ಹಿಗ್ಗುತ್ತಿದ್ದೆ. ಅದೆಲ್ಲ ನಿಮ್ಮ ಫೋನಿಗೆ ಬಂದು, ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಆ ಕ್ರಿಕೆಟ್ ಆಟದ ಆಪಿಗೆ ಹೋಗಿರುತ್ತಿತ್ತು. ಹೋದದ್ದನ್ನು ಗೆಲ್ಲಲು ಫೋನಿನಲ್ಲೇ ಸಾಲ, ಆ ಸಾಲ ಕಟ್ಟಲು ಇನ್ನೊಂದು ಸಾಲ. ನಿಮ್ಮ ಫೋನಿಗೆ ಸಾಲ ಹುಟ್ಟದಾದಾಗ ನನ್ನ ಫೋನು. ನನ್ನ ಬೋರಮಾಳ ಸರ ಬ್ಯಾಂಕಿಗೆ ಅಡವು ಹೋಯಿತು, ಬೈಕು ಹೋಯಿತು, ಉಳಿದದ್ದಕ್ಕೆ ನಮ್ಮ ಮಹಿಳಾ ಸಂಘ ಸಾಲ ಕೊಟ್ಟು ಆಪಿನವರ ಬಾಯಿ ಮುಚ್ಚಿಸಿತು. ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ. ಬೋರಮಾಳ ನೆನಪಾದ ದಿನ ಸ್ವಲ್ಪ ಜಾಸ್ತಿಯೇ ಇರುತ್ತದೆ. ಆದರೆ ಸಿಟ್ಟು ಮಾಡಲು ಎದುರಿಗೆ ಮನುಷ್ಯ ಬೇಡವೇ? ಬಿಳಿಚೋಡಿನ ತನಕ ಅದನ್ನು ಹೊತ್ತು ತರಲು ನನಗೆ ಪುರುಸೊತ್ತಿಲ್ಲ. ಆಷಾಢದಲ್ಲಿ ನೀವೇ ಫೋನು ನನ್ನ ಕೈಗಿಟ್ಟು, ಇದನ್ನು ಮಾರಿಬಿಡು, ಇದು ಹತ್ತಿರ ಇದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ ಎಂದು ಹೇಳಿ ಬಸ್ ಹತ್ತಿದಿರಲ್ಲ, ಆವತ್ತೇ ನನ್ನ ಅರ್ಧ ಸಿಟ್ಟು ಇಳಿದಿತ್ತು. ನಿಮಗೆ ಹೇಳಿರಲಿಲ್ಲ, ಅಷ್ಟೇ.

ಈಗ ಸುದ್ದಿ. ಸಾಲ ವಸೂಲಿಯವರ ಫೋನು ಸಂಪೂರ್ಣ ನಿಂತಿದೆ. ದುಡ್ಡಿಟ್ಟು ಆಡುವ ಆಟಗಳನ್ನು ಸರ್ಕಾರ ಬಂದ್ ಮಾಡಿದೆ ಎಂದು ಟೀವಿಯಲ್ಲಿ ಹೇಳಿದರು. ಆದರೂ ನನ್ನ ಫೋನಿಗೆ ಬೇರೆ ಬೇರೆ ಹೆಸರಿನಲ್ಲಿ ಆಸೆ ತೋರಿಸುವ ಮೆಸೇಜು ಬರುತ್ತಲೇ ಇವೆ, ನಾನು ಹಿಟ್ಟಿನ ಕೈಯಲ್ಲೇ ಅಳಿಸಿಹಾಕುತ್ತೇನೆ. ನೀವು ಹೋದ ಹೊಸದರಲ್ಲಿ ವಸೂಲಿಯವರು ನನ್ನ ಫೋನಿನಲ್ಲಿದ್ದ ಹೆಸರಿಗೆಲ್ಲ ಫೋನ್ ಮಾಡಿ ಮಾನ ಕಳೆದರಲ್ಲ, ಅದರಲ್ಲಿ ನಿಮಗೆ ಗೊತ್ತಿಲ್ಲದ್ದು ಒಂದಿದೆ. ತ್ಯಾವಣಿಗೆಯಿಂದ ನಮಗೆ ಮೆಣಸಿನಕಾಯಿ ತಂದು ಹಾಕುವ ರಘುನಾಥಣ್ಣನ ನಂಬರನ್ನು ನಾನು "ತ್ಯಾವಣಿಗೆ ಮೆಣಸಿನಕಾಯಿ" ಎಂದು ಬರೆದುಕೊಂಡಿದ್ದೆ. ವಸೂಲಿಯವನು ಅವರಿಗೆ ಫೋನ್ ಮಾಡಿ, ಮೆಣಸಿನಕಾಯಿಯವರೇ, ಪುಷ್ಪಾವತಿ ನಿಮಗೆ ಏನಾಗಬೇಕು ಎಂದು ದಬಾಯಿಸಿದ್ದಾನೆ. ನಮ್ಮ ಸಾಲದ ಬಗ್ಗೆ ರಘುನಾಥಣ್ಣ ಒಂದು ಮಾತೂ ಆಡಲಿಲ್ಲ. ಆದರೆ ತಮ್ಮ ಹೆಸರನ್ನು ಹಾಗೆ ಬರೆದುಕೊಂಡದ್ದಕ್ಕೆ ಮನಸ್ಸಿಗೆ ಬಹಳ ಹಚ್ಚಿಕೊಂಡರು. ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಈಗ ಹೆಸರು ಸರಿಯಾಗಿ ಬರೆದು, ಅವರಿಗೇ ತೋರಿಸಿ, ರಾಜಿಯಾಗಿದ್ದೇನೆ.

ಭೀಮಕ್ಕನಿಗೂ ಅವನು ಫೋನ್ ಮಾಡಿದ್ದ. ನಮ್ಮ ಸಂಘದ ಭೀಮಕ್ಕ ನಿಮಗೆ ಗೊತ್ತಲ್ಲ, ಮೂಲೆ ಮನೆಯಲ್ಲಿ ಒಬ್ಬರೇ ಇದ್ದುಕೊಂಡು ಜೋಳದ ರೊಟ್ಟಿ ತಟ್ಟಿ ಮಾರುವವರು. ಅವನು ಬೈಯುವುದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ನಿನ್ನದು ಯಾವ ಊರಪ್ಪ, ಅಕ್ಕತಂಗಿಯರು ಎಷ್ಟು ಜನ, ಸಂಬಳ ಎಷ್ಟು ಎಂದು ವಿಚಾರಿಸಿದರಂತೆ. ಇಲ್ಲಿ ಮೆಕ್ಕೆಜೋಳ ಮುರಿಯಲು ಆಳು ಸಿಗುತ್ತಿಲ್ಲ, ಕೂಲಿಯ ಜೊತೆ ಊಟವೂ ಇದೆ, ಕಂಡ ಹೆಂಗಸರಿಗೆ ಬೈದು ಅನ್ನ ತಿನ್ನುವ ಬದಲು ಬಂದುಬಿಡು ಎಂದು ಕರೆದರಂತೆ. ಅವನು ಮತ್ತೆ ಅವರಿಗೆ ಫೋನ್ ಮಾಡಲಿಲ್ಲ. ಬಂದಿದ್ದರೆ ನಿಜವಾಗಿಯೂ ಕೆಲಸಕ್ಕೆ ಹಚ್ಚುತ್ತಿದ್ದೆ ಎಂದು ಭೀಮಕ್ಕ ಈಗಲೂ ಹೇಳುತ್ತಾರೆ.

ಇನ್ನು ನಿಮ್ಮವ್ವ ಈ ಸಲ ಮಾಡಿದ ಘನಕಾರ್ಯ ಕೇಳಿ. ಆಯುಧಪೂಜೆ ದಿನ ಅಂಗಡಿ ತೊಳೆದು, ಬಾಣಲೆ, ಜಾಲರಿ, ಈಳಿಗೆ, ತಕ್ಕಡಿ ಎಲ್ಲ ಉಜ್ಜಿ ಸಾಲಾಗಿಟ್ಟು, ಬೂದುಗುಂಬಳ ತರಲು ನಾನು ಸಂತೆ ಬೀದಿಗೆ ಹೋದೆ. ತಿರುಗಿ ಬಂದರೆ ಪೂಜೆ ಮುಗಿದೇ ಹೋಗಿದೆ. ಬಾಣಲೆಗೆ ಎಲ್ಲೋ ಒಂದು ಚುಕ್ಕೆ ಕುಂಕುಮ. ಆದರೆ ದುಡ್ಡು ಹಾಕಿಸಿಕೊಳ್ಳುವ ಕ್ಯೂಆರ್ ಬೋರ್ಡಿಗೆ ಆ ಕಪ್ಪು ಚೌಕಗಳ ಮೇಲೆಯೇ ಮೂರು ದಪ್ಪ ವಿಭೂತಿ ಪಟ್ಟೆ, ನಟ್ಟನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ಚೆಂಡುಹೂವಿನ ಹಾರ. ಕೂಗುವ ಡಬ್ಬಿಗೆ ಬೇರೆ ನಿಂಬೆಹಣ್ಣು. ಅಯ್ಯೋ ಅತ್ತೆ, ಇದೇನು ಮಾಡಿದಿರಿ ಎಂದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳಿದರು: "ಇದೇ ಅಲ್ಲೇನೇ ನನ್ನ ಮಗನ್ನ ನುಂಗಿದ್ದು? ಬೈದು ನೋಡಿದ್ವಿ, ಕೇಳಲಿಲ್ಲ. ಪೂಜೆ ಮಾಡಿಸ್ಕೊಂಡಾದ್ರೂ ಸುಮ್ನೆ ಇರ್ಲಿ." ನನಗೆ ಮೊದಲು ನಗು ಬಂತು. ಆಮೇಲೆ ಒಳಗೆ ಹೋಗಿ ಈರುಳ್ಳಿ ಹೆಚ್ಚುವ ನೆಪದಲ್ಲಿ ಕಣ್ಣೀರು ಹಾಕಿದೆ. ಮಾರಿಯನ್ನು ತಣಿಸುವ ಹಾಗೆ ಆ ಬೋರ್ಡನ್ನು ತಣಿಸಲು ಹೊರಟಿದ್ದರು ನಿಮ್ಮವ್ವ.

ಪೂಜೆಯ ಕುಂಕುಮವನ್ನು ಒರೆಸಕೂಡದು, ತಾನಾಗಿಯೇ ಉದುರಬೇಕು ಎಂಬ ಶಾಸ್ತ್ರ ನಿಮಗೂ ಗೊತ್ತಿದೆ. ಒರೆಸಲು ಕೈ ಹಾಕಿದರೆ ಅತ್ತೆ ಉಪವಾಸ ಕೂರುವುದಾಗಿ ಹೇಳಿದರು. ಮಾರನೆಯ ದಿನ ಹಬ್ಬದ ಜನ, ಬಸ್ಸಿಂದ ಇಳಿದವರೆಲ್ಲ ನಮ್ಮ ಅಂಗಡಿಗೆ. ಒಬ್ಬೊಬ್ಬರೂ ಫೋನ್ ಎತ್ತುವುದು, ಓರೆ ಮಾಡುವುದು, ಹತ್ತಿರ ಹಿಡಿಯುವುದು, ದೂರ ಹಿಡಿಯುವುದು. ಯಾರ ಫೋನಿಗೂ ಅದು ಓದಲು ಬರಲಿಲ್ಲ. ಅತ್ತೆ ಸ್ಟೂಲಿನ ಮೇಲೆ ಕುಳಿತು, ಅದನ್ನು ದೇವರಿಗೆ ಬಿಟ್ಟಿದ್ದೇವೆ, ರೊಕ್ಕ ಕೊಡಿ ಎಂದು ಎಲ್ಲರಿಗೂ ಒಂದೇ ಉತ್ತರ ಹೇಳಿದರು. ಕೆಲವರು ಗೊಣಗಿದರು, ಕೆಲವರು ಪಕ್ಕದ ಅಂಗಡಿಯಲ್ಲಿ ಕೈಗಡ ತಂದು ಕೊಟ್ಟರು, ಕೆಲವರು ನಾಳೆ ಕೊಡುತ್ತೇವೆ ಎಂದವರು ನಿಜವಾಗಿಯೂ ಬಂದು ಕೊಟ್ಟರು. ಹಿಂಗೇ ಸುಮಾರು ಒಂದು ವಾರ ಬರೀ ರೊಕ್ಕದ ವ್ಯಾಪಾರ. ನಿಜ ಹೇಳಲೇ, ನಾನು ದಿನಾ ಎಷ್ಟು ದುಡಿಯುತ್ತೇನೆ ಎಂದು ನನಗೆ ಗೊತ್ತಾದದ್ದೇ ಆ ವಾರ. ಎಣ್ಣೆ ವಾಸನೆಯ ನೋಟುಗಳನ್ನು ಮಡಿಲಿಗೆ ಹಾಕಿಕೊಂಡು ಕುಳಿತರೆ, ಇದು ನನ್ನದು ಎನ್ನುವ ಧೈರ್ಯ ಬಂತು. ಡಬ್ಬಿ ಎಷ್ಟು ಕೂಗಿದರೂ ಆ ಧೈರ್ಯ ಬಂದಿರಲಿಲ್ಲ.

ಕುಂಕುಮ ಉದುರಿದ ಮೇಲೂ ನಾನು ಸುಮ್ಮನಿರಲಿಲ್ಲ. ಅತ್ತೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ನಮ್ಮಿಬ್ಬರ ಹೆಸರಿನಲ್ಲಿ ಹೊಸ ಖಾತೆ ಮಾಡಿಸಿದೆ. ಈಗ ಬೋರ್ಡಿನ ದುಡ್ಡೆಲ್ಲ ಅಲ್ಲಿಗೇ ಬೀಳುತ್ತದೆ. ಅದಕ್ಕೆ ಫೋನಿನ ಆಪ್ ಇಲ್ಲ, ಎಟಿಎಂ ಕಾರ್ಡಿಲ್ಲ. ನನ್ನ ಸಹಿ, ಅತ್ತೆಯ ಹೆಬ್ಬೆಟ್ಟು ಎರಡೂ ಬಿದ್ದರೆ ಮಾತ್ರ ದುಡ್ಡು ಹೊರಗೆ. ಮೊನ್ನೆ ಗುರುವಾರ ಅತ್ತೆ ಇಳಕಲ್ ಸೀರೆ ಉಟ್ಟು ಬ್ಯಾಂಕಿಗೆ ಹೊರಟರು, ದಾರಿಯಲ್ಲಿ ಸಿಕ್ಕವರಿಗೆಲ್ಲ ಎಲ್ಲಿಗೆ ಹೊರಟಿದ್ದೇನೆಂದು ಕೇಳದಿದ್ದರೂ ಹೇಳಿದರು. ಪ್ರತಿ ಶುಕ್ರವಾರ ಸಂಘಕ್ಕೆ ಕಂತು. ಇಲ್ಲಿಯ ತನಕ ಒಂದೂ ತಪ್ಪಿಸಿಲ್ಲ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಮಂದೆ ತಂಗಿಸಿದ್ದಕ್ಕೆ ಸಿಕ್ಕ ದುಡ್ಡನ್ನು ನೀವು ಮಾವನ ಕೈಲಿ ಕಳಿಸಿದ್ದೂ ಅದಕ್ಕೇ ಸೇರಿದೆ. ಸಾಲ ಇನ್ನೂ ಬೇಕಾದಷ್ಟಿದೆ. ಆದರೆ ಈಗ ಅದು ನನ್ನ ನಿದ್ದೆ ಕೆಡಿಸುವುದಿಲ್ಲ. ಹೊಟ್ಟೆತುಂಬ ಉಣ್ಣುತ್ತೇವೆ, ನಗುತ್ತೇವೆ. ನಾನು ಸ್ವಲ್ಪ ದಪ್ಪ ಕೂಡ ಆಗಿದ್ದೇನೆ.

ಹೊನ್ನಾಳಿಯಲ್ಲಿ ನಿಮ್ಮನ್ನು ಕೂರಿಸಿಕೊಂಡು ಮಾತಾಡಿದ ಡಾಕ್ಟರಮ್ಮ ಹೋದ ತಿಂಗಳು ಅಂಗಡಿಗೆ ಬಂದಿದ್ದರು. ಮಂಡಕ್ಕಿ ತಿನ್ನುತ್ತಾ ನಿಮ್ಮನ್ನು ವಿಚಾರಿಸಿದರು. ಊರು ಬಿಟ್ಟಿದ್ದಾರೆ ಎಂದೆ. ಚಟ ಬಿಡುವವರು ಒಂಟಿಯಾಗಿ ಇರಬಾರದು, ಮನೆಯವರ ನಡುವೆ ಇರಬೇಕು ಎಂದರು. ಕುರಿಗಳ ನಡುವೆ ಇದ್ದಾರೆ ಎಂದೆ. ಅವರು ನಗಲಿಲ್ಲ, ನನಗೂ ಆಮೇಲೆ ನಗು ಬರಲಿಲ್ಲ. ಸಾಲ ತೀರುವವರೆಗೆ ಬರುವುದಿಲ್ಲ ಎನ್ನುತ್ತೀರಿ. ಅಷ್ಟರಲ್ಲಿ ಮಗಳು ಹೈಸ್ಕೂಲಿಗೆ ಹೋಗುತ್ತಾಳೆ, ಅತ್ತೆಯ ಕಣ್ಣಿಗೆ ಪೊರೆ ಪೂರ್ತಿ ಬರುತ್ತದೆ. ಸಾಲ ಮಾಡುವಾಗ ಒಬ್ಬರೇ ಮಾಡಿದಿರಿ, ತೀರಿಸುವಾಗಲೂ ಒಬ್ಬರೇ ದೂರ ಕುಳಿತು ತೀರಿಸುತ್ತೇನೆ ಎಂದರೆ ಹೆಂಡತಿಯಾಗಿ ನಾನು ಯಾತಕ್ಕೆ? ಬೀದಿಯವರ ಮುಖ ಹೇಗೆ ನೋಡಲಿ ಎಂದು ನಿಮಗೆ ನಾಚಿಕೆ. ನಾನು ಇದೇ ಬೀದಿಯಲ್ಲಿ ದಿನಾ ಅವರ ಮುಖ ನೋಡಿಕೊಂಡೇ ಮಿರ್ಚಿ ಮಾರುತ್ತಿದ್ದೇನಲ್ಲ? ಅವರು ಮೊದಲೆರಡು ವಾರ ಮಾತಾಡಿಕೊಂಡರು, ಈಗ ಅವರವರ ಮನೆಯ ಗೋಳೇ ಅವರಿಗೆ ಸಾಕಾಗಿದೆ. ನನಗೆ ನೀವು ಬೇಕು. ಹಿಟ್ಟು ಕಲಸುವಾಗ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಾ ತಲೆಹರಟೆ ಮಾತಾಡುವ ಮನುಷ್ಯ ಬೇಕು. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ಪತ್ರವನ್ನೂ ಮಾವ ಹಟ್ಟಿಗೆಲ್ಲ ಓದಿಸಿದರೆ ಎಂಬ ಭಯ.

ಜುಂಜಪ್ಪ ಮಾವನಿಗೆ, ಅತ್ತೆಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅತ್ತೆ ತಮ್ಮ ಆಶೀರ್ವಾದ ಬರೆಯಲು ಹೇಳಿದರು, ಜೊತೆಗೆ ಚಪ್ಪಲಿಯ ಮಾತನ್ನೂ ಇನ್ನೊಂದು ಸಲ ಬರೆಯಲು ಹೇಳಿದರು. ಮೇಘಶ್ರೀ ಮುತ್ತು ಕಳಿಸಿದ್ದಾಳೆ. ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಬೇಡಿ.

ಸದಾ ನಿಮ್ಮವಳೇ ಆದ,
ಪುಷ್ಪಾವತಿ

ವಿ.ಸೂ.: ಕವರ್ ಅಂಟಿಸುವ ಮೊದಲು ಇದೊಂದು, ಅಂಚೆಯವರು ಚೀಲ ಕಟ್ಟುತ್ತಿದ್ದಾರೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಭೀಮಕ್ಕ ರೊಟ್ಟಿ ಮಾಡುವ ಮಿಷನ್ನಿಗೆ ಸಂಘದಲ್ಲಿ ಸಾಲ ಕೇಳಿದ್ದಾರೆ. ಮನೆಯವರೊಬ್ಬರ ಜಾಮೀನು ಸಹಿ ಬೇಕು, ಮನೆಯವರು ಇಲ್ಲದವರು ಬೇರೆ ಸದಸ್ಯರ ಮನೆಯವರಿಂದ ಹಾಕಿಸಬಹುದು. ಮೊನ್ನೆ ಸಭೆಯಲ್ಲಿ ಯಾರ ಸಹಿ ಎಂದು ಕೇಳಿದಾಗ ಭೀಮಕ್ಕ ನಿಮ್ಮ ಹೆಸರು ಹೇಳಿದರು. ಸಿದ್ದೇಶನದಾ ಎಂದು ಯಾರೋ ನಕ್ಕರು. ಭೀಮಕ್ಕ ಎದ್ದು ನಿಂತು ಹೇಳಿದರು: "ಹೂಂ, ಅವಂದೇ. ಸಾಲದಾಗೆ ಬಿದ್ದು ಏಳಾಕೆ ಹತ್ತಿರೋನು ಅವನೊಬ್ಬನೇ. ನಾಳೆ ನಾನು ಎಡವಿದ್ರೆ ನಂಗೆ ಬೈಯದಂಗೆ ಕೈ ಕೊಡೋನು ಬೇಕು." ನಾವು ಕಂತು ತಪ್ಪಿಸಿಲ್ಲವಾದ್ದರಿಂದ ಆಗಬಹುದು ಎಂದು ಎಲ್ಲರೂ ಒಪ್ಪಿದರು. ದೀಪಾವಳಿ ಕಳೆದ ಮೇಲಿನ ಶುಕ್ರವಾರ ಮಧ್ಯಾಹ್ನ ಸಭೆ. ಬರುತ್ತಾರೆ ಎಂದು ನಿಮ್ಮ ಪರವಾಗಿ ನಾನು ಮಾತು ಕೊಟ್ಟುಬಿಟ್ಟಿದ್ದೇನೆ. ನೀವು ಬರದಿದ್ದರೆ ಭೀಮಕ್ಕನಿಗೆ ಮಿಷನ್ ಇಲ್ಲ. ಆಧಾರ್ ಕಾರ್ಡ್ ಮರೆಯದೆ ತನ್ನಿ.