ಫಾಂಡ್‌ಬ್ರೀಫ್ ಪಕ್ಕದ ಲಕೋಟೆ

ಸೈಬರ್‌ಜಯಾ, ಮಲೇಷ್ಯಾ
17 ಸೆಪ್ಟೆಂಬರ್ 2020

ಮಾವನವರಿಗೆ ವೇದವತಿಯ ನಮಸ್ಕಾರಗಳು.

ಫೋನ್ ಮಾಡಿದರೆ ಎರಡೇ ಮಾತಿಗೆ "ಚೆನ್ನಾಗಿದೀನಮ್ಮ, ತಗೋ, ಸುಮತಿ ಮಾತಾಡ್ತಾಳೆ" ಎಂದು ನಿಮ್ಮ ಮಗಳ ಕೈಗೆ ದಾಟಿಸಿಬಿಡುತ್ತೀರಿ. ಮೂರು ತಿಂಗಳಿಂದ ಇದೇ ಆಯಿತು. ನನಗೂ ಸಾಕಾಗಿದೆ. ಈ ಕಾಗದವನ್ನಾದರೂ ಅವಳಿಗೆ ಕೊಡದೆ ನೀವೇ ಓದಿ.

ಹದಿನೈದು ದಿನಕ್ಕೆಂದು ಬಂದವರು ಲಾಕ್‌ಡೌನ್ ಆಗಿ ನಮ್ಮಲ್ಲೇ ಉಳಿದಿರಿ. ಅದು ನಿಮ್ಮ ತಪ್ಪಲ್ಲ. ಆದರೆ ಮೈಸೂರಿನಲ್ಲಿ ಮೂವತ್ತು ವರ್ಷ ಜರ್ಮನ್ ಪಾಠ ಹೇಳಿದವರ ಎದುರು, ಊಟದ ಮೇಜಿನ ಮುಂದೆ ಕೂತು ಜರ್ಮನ್ ಬ್ಯಾಂಕಿನ ಸಾಫ್ಟ್‌ವೇರ್ ಮಾಡುವ ಪಾಡು ಯಾರಿಗೂ ಬೇಡ. ಮನೆಗೊಬ್ಬರಿಗೆ ಮಾತ್ರ ಹೊರಗೆ ಹೋಗಲು ಅನುಮತಿ. ನಿಮ್ಮ ಮಗ ತರಕಾರಿ ನೆಪದಲ್ಲಿ ತಪ್ಪಿಸಿಕೊಳ್ಳುತ್ತಿದ್ದರು. ಬ್ಯಾಂಕ್ ಅಂದರೆ ಮೂಲದಲ್ಲಿ ಬೆಂಚು ಎಂದು ಅನ್ನ ಬಡಿಸುವಾಗ ಕೇಳಿಸಿಕೊಳ್ಳಬೇಕಾದವಳು ನಾನು.

ಆ ಬುಧವಾರ ವಿಡಿಯೋ ಮೀಟಿಂಗಿನಲ್ಲಿ, ಪರದೆಯ ಮೇಲೆ ಫಾಂಡ್‌ಬ್ರೀಫ್ ಎಂಬ ಪದದ ಪಕ್ಕ ಲಕೋಟೆಯ ಚಿತ್ರ ಹಾಕಿ ತೋರಿಸುತ್ತಿದ್ದೆ. ಬ್ರೀಫ್ ಅಂದರೆ ಕಾಗದ ತಾನೇ? ಅತ್ತ ಬ್ಯಾಂಕಿನ ಆರು ಜನ, ಇತ್ತ ನಮ್ಮ ಮ್ಯಾನೇಜರ್. ನೀವು ಪಂಚೆಯಲ್ಲೇ ಬಂದು ಬೆನ್ನ ಹಿಂದೆ ನಿಂತು, "ಅಯ್ಯೋ ವೇದಾ, ಇದು ಅಂಚೆಗೆ ಹಾಕೋ ಪತ್ರ ಅಲ್ಲಮ್ಮ, ಕ್ರಯಪತ್ರದಲ್ಲಿರೋ ಪತ್ರ!" ಎಂದಿರಿ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಜರ್ಮನ್ನಿಗೆ ತಿರುಗಿದಿರಿ. ಫಾಂಡ್ ಅಂದರೆ ಅಡವು, ಅದರ ಮೂಲದ ಬಗ್ಗೆ ಪಂಡಿತರಲ್ಲೇ ಒಮ್ಮತವಿಲ್ಲ. ಬ್ರೀಫ್ ಲ್ಯಾಟಿನ್ನಿನಿಂದ ಬಂದ ಚಿಕ್ಕ ಬರಹ. ಮನೆ-ಜಮೀನಿನ ಅಡಮಾನದ ಬಲದ ಮೇಲೆ ಬ್ಯಾಂಕು ಹೊರಡಿಸುವ ಸಾಲಪತ್ರ ಇದು ಎಂದು ಬ್ಯಾಂಕಿನವರಿಗೇ ಹದಿನೆಂಟು ನಿಮಿಷ ಪಾಠ! "ಹೂ ಈಸ್ ದಿಸ್ ಅಂಕಲ್ ಲಾ?" ಎಂದು ಇಲ್ಲಿಯವರ ರಾಗದಲ್ಲೇ ಮ್ಯಾನೇಜರ್ ಮೆಸೇಜು. ನನ್ನ ತಲೆ ಕೆಟ್ಟಿತು. "ಮಾವ, ಇದು ನಿಮ್ಮ ಕ್ಲಾಸಲ್ಲ. ಬಾಯಿ ಮುಚ್ಕೊಂಡು ಒಳಗೆ ಹೋಗಿ" ಎಂದುಬಿಟ್ಟೆ. ಕನ್ನಡ ಬಾರದಿದ್ದರೂ ನನ್ನ ದನಿ ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು.

ನೀವು ಒಳಗೆ ಹೋದಿರಿ. ವಿಶೇಷ ವಿಮಾನ ಸಿಗುವವರೆಗಿನ ಹನ್ನೊಂದು ದಿನ, ಕೇಳಿದ್ದಕ್ಕಷ್ಟೇ ಉತ್ತರ. ಇಂಚರ "ತಾತಾ, ವೈ ನೋ ಸ್ಟೋರಿ?" ಎಂದು ಪೀಡಿಸಿದರೂ ಮೊಮ್ಮಗಳ ತಲೆ ಸವರಿ ಕೋಣೆಗೆ ಹೋದಿರಿ. ತಿರುಗಿ ಬೈದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಮಾತೇ ಆಡದವರ ಜೊತೆ ಹೇಗೆ ಜಗಳವಾಡಲಿ? ವಿಮಾನ ನಿಲ್ದಾಣದ ಬಾಗಿಲಲ್ಲಿ, ಮಾಸ್ಕಿನೊಳಗೇ, ತಪ್ಪಾಯಿತು ಎಂದೆ. ನಿಮಗೆ ಕೇಳಿಸಿತೋ ಇಲ್ಲವೋ.

ಲಕೋಟೆ ತೆಗೆಯಿರಿ, ಆ ಹಿರಿಯರು ಹೇಳಿದ್ದೇ ಸರಿ ಎಂದು ಬ್ಯಾಂಕಿನವರು ಮರುದಿನವೇ ಬರೆದಿದ್ದರು. ಸದ್ದಿಲ್ಲದೆ ತೆಗೆದೆ. ನಿಮಗೆ ಹೇಳಲಿಲ್ಲ. ಸೊಕ್ಕು, ಇನ್ನೇನು.

ಈಗ ಶುಲ್ಡ್‌ಶೈನ್ ಎಂಬ ಇನ್ನೊಂದು ಪದ ಬಂದು ಕೂತಿದೆ. ಶೈನ್ ಅಂದರೆ ಚೀಟಿ. ಶುಲ್ಡ್ ಅಂದರೆ ಸಾಲವೂ ಹೌದು, ತಪ್ಪೂ ಹೌದು ಎನ್ನುತ್ತದೆ ನಿಘಂಟು. ಎರಡೂ ಒಂದೇ ಪದವಾದದ್ದು ಹೇಗೆ? ನಿಮ್ಮನ್ನೇ ಕೇಳಬೇಕಂತೆ, ಬ್ಯಾಂಕಿನವರ ಬೇಡಿಕೆ ಇದು. ಅಕ್ಟೋಬರ್ 12ರ ಸೋಮವಾರ, ನಿಮ್ಮ ಮಧ್ಯಾಹ್ನ ಹನ್ನೆರಡೂವರೆಗೆ, ಮೀಟಿಂಗಿನಲ್ಲಿ ಒಂದಿಡೀ ಗಂಟೆ ನಿಮಗೆಂದೇ ತೆಗೆದಿಟ್ಟಿದ್ದೇನೆ.

ಅವತ್ತು ನಾನು ಆಡಿದ್ದು ತಪ್ಪು, ಮಾವ. ಬನ್ನಿ. ಕೇಳುವವರು ಏಳು ಜನ, ಬ್ಯಾಂಕಿನ ಆರು ಮಂದಿಯ ಜೊತೆ ನಾನೂ ಒಬ್ಬಳು.

ದೇವರು ನಿಮಗೆ ಆರೋಗ್ಯವನ್ನೂ ನನಗೆ ತಾಳ್ಮೆಯನ್ನೂ ಕೊಡಲಿ.

ನಿಮ್ಮ ಸೊಸೆ,
ವೇದವತಿ