ಎರಡನೇ ಗೇರಿನಲ್ಲಿ ಸಂಪಾಜೆ ಘಾಟಿ

ಕುಶಾಲನಗರ
೬ ಅಕ್ಟೋಬರ್ ೨೦೨೫, ಸೋಮವಾರ

ಪ್ರೀತಿಯ ಪುಟ್ಟರಾಜು,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಅರಕಲಗೂಡಿನಲ್ಲಿ ಅಕ್ಕನ ಶುಂಠಿ ಹೊಲದಲ್ಲಿ ದಿನವೆಲ್ಲ ಬಗ್ಗಿಕೊಂಡೇ ಇರುತ್ತೀ ಎಂದು ಕೇಳಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ಫೋನ್ ಮಾಡಿದರೆ ಪ್ರತಿಸಲವೂ ಅಕ್ಕನೇ ಎತ್ತಿ, ನೀನು ಹೊಲದಲ್ಲಿದ್ದೀ ಎನ್ನುತ್ತಾರೆ. ಈ ಅತ್ತಿಗೆಯ ದನಿ ಕೇಳಲು ನಿನಗೆ ಕಷ್ಟ ಎಂದು ನನಗೆ ಗೊತ್ತು. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ನಿನ್ನಣ್ಣ ಹೋದ ಮೇಲೆ ಈ ಮಾತನ್ನು ಸುಳ್ಳಲ್ಲದೆ ಬರೆಯುತ್ತಿರುವುದು ಇದೇ ಮೊದಲು.

ನೀನು ಹೋದ ಮೇಲೆ ಓನರ್ ಶಶಿಧರ ಅವರು ನನಗೆ ಲಾರಿ ಶೆಡ್ಡಿನ ಗೇಟಿನಲ್ಲಿ ಕೆಲಸ ಕೊಟ್ಟರು. ಯಾವ ಗಾಡಿ ಎಷ್ಟು ಹೊತ್ತಿಗೆ ಹೋಯಿತು, ಬಂತು ಎಂದು ಬರೆದಿಡುವುದು. ಕಾಫಿ ತುಂಬಿಕೊಂಡು ಮಂಗಳೂರಿಗೆ ಹೊರಟವರನ್ನೆಲ್ಲ ನಿಲ್ಲಿಸಿ, ಘಾಟಿಯನ್ನು ಗೇರಿನಲ್ಲೇ ಇಳಿಯಿರಪ್ಪ ಎಂದು ಬೇಡುತ್ತಿದ್ದೆ. ಅವರು ನನಗೆ ಸೆಕೆಂಡ್ ಗೇರಕ್ಕ ಎಂದು ಹೆಸರಿಟ್ಟರು. ಹೂಂ ಅನ್ನುವರು, ಮಡಿಕೇರಿ ದಾಟಿದ ಮೇಲೆ ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡುವರು. ಎಲ್ಲ ಆ ಸೀರೆಗಾಗಿ. ಆಯುಧಪೂಜೆಯ ದಿನ, ಆ ವರ್ಷ ಎಲ್ಲರಿಗಿಂತ ಹೆಚ್ಚು ಡೀಸೆಲ್ ಉಳಿಸಿದವನ ಹೆಂಡತಿಯನ್ನು ಕರೆದು ರೇಷ್ಮೆ ಸೀರೆ ಕೊಡುವ ನಮ್ಮ ಶೆಡ್ಡಿನ ಪದ್ಧತಿ ನಿನಗೆ ಗೊತ್ತೇ ಇದೆ. ನಿನ್ನಣ್ಣನೂ ಹಾಗೆ ಇಂಜಿನ್ ಆಫ್ ಮಾಡಿ ಇಳಿಯುವಾಗಲೇ ಬ್ರೇಕ್ ಹಿಡಿಯದೆ ಹೋದರು. ಅಣ್ಣನಿಗೆ ಅದನ್ನು ಹೇಳಿಕೊಟ್ಟವನು ನಾನೇ ಎಂದು ನೀನು ಹನ್ನೊಂದನೇ ದಿನವೇ ಊರು ಬಿಟ್ಟೆ. ನಾನು ತಡೆಯಲಿಲ್ಲ. ಒಂದು ವಿಷಯ ನಿನಗೆ ಹೇಳಲಿಲ್ಲ, ಡೈರಿಯಲ್ಲಿ ಮಾತ್ರ ಬರೆದುಕೊಂಡೆ. ಆ ಸೀರೆ ಬೇಕೆಂದು ನಿನ್ನಣ್ಣನನ್ನು ಕಾಡಿದವಳು ನಾನು. "ಉಷಾರಾಣಿ ಎರಡು ಸಲ ಉಟ್ಳು, ನಾನೇನು ಪಾಪ ಮಾಡಿದೀನಿ?" ಎಂದಿದ್ದೆ. ಅವರು ನಿನ್ನ ಹತ್ತಿರ ಕಲಿಯಲು ಬಂದದ್ದು ಅದರ ಮಾರನೆಯ ವಾರ.

ಈ ಸಲ ನವರಾತ್ರಿಯ ಮೊದಲ ದಿನ ಸತೀಶನ ಹೆಂಡತಿ ಆ ಉಷಾರಾಣಿಯ ಮನೆಯಲ್ಲೇ ಡ್ರೈವರುಗಳ ಮನೆಯ ಹೆಂಗಸರು ಅರಿಶಿನ ಕುಂಕುಮಕ್ಕೆ ಸೇರಿದ್ದರು. ನನ್ನನ್ನು ಕರೆದಿರಲಿಲ್ಲ. ಹೋದೆ. ಬಾಗಿಲ ಹತ್ತಿರ ಕೂತು, ಈಗ ನಿನಗೆ ಬರೆದದ್ದನ್ನೇ ಹೇಳಿದೆ. ಆಮೇಲೆ ಎಲ್ಲರಿಗಿಂತ ಹಿರಿಯಳಾದ ಮುದ್ದಿ, "ನಮ್ ಯಜಮಾನ್ರೂ ಹಂಗೇ ಇಳ್ಸೋದು ಕಣಮ್ಮ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಪೂಜೆಯ ದಿನ ಹತ್ತೊಂಬತ್ತು ಲಾರಿಗಳಿಗೂ ಚೆಂಡುಹೂವಿನ ಹಾರ. ಬೂದುಗುಂಬಳ ಒಡೆದ ಮೇಲೆ ಓನರು ಈ ಸಲವೂ ಉಷಾರಾಣಿಯ ಹೆಸರನ್ನೇ ಕೂಗಿದರು. ಅವಳು ಬಂದು ಕುಂಕುಮ ಮಾತ್ರ ತೆಗೆದುಕೊಂಡು ಸೀರೆಯನ್ನು ತಟ್ಟೆಯಲ್ಲೇ ಬಿಟ್ಟಳು. "ನಂಗೆ ಸೀರೆ ಬ್ಯಾಡ ಸಾರ್. ಇವ್ರು ಗೇರಲ್ಲೇ ಇಳೀಲಿ, ಅಷ್ಟು ಮಾಡಿ ಸಾಕು" ಅಂದಳು. ಸತೀಶ ತಲೆ ತಗ್ಗಿಸಿದ. ಹಿಂದಿನಿಂದ ಯಾರೋ, "ಹಂಗಾದ್ರೆ ಓನರೇ ಉಟ್ಕಳ್ಳಿ" ಎಂದರು. ಗಂಡಸರೆಲ್ಲ ನಕ್ಕರು, ಹೆಂಗಸರು ನಗಲಿಲ್ಲ. ಓನರು ಮುಖ ಕೆಂಪಗೆ ಮಾಡಿಕೊಂಡು, ಗೇರಿನಲ್ಲಿ ಇಳಿದರೆ ಡೀಸೆಲ್ ಯಾರು ಹಾಕುತ್ತಾರೆ ಎಂದು ಕೇಳಿದರು. ಆಗ ನಮ್ಮ ಮೆಕ್ಯಾನಿಕ್ ಮಿಲನ್ ಮುಂದೆ ಬಂದ. ಈಗಿನ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಕುಡಿಯುವುದೇ ಇಲ್ಲವಂತೆ. ಇಂಜಿನ್ ಆಫ್ ಮಾಡಿದರೆ ಬ್ರೇಕಿಗೆ ಗಾಳಿ ತುಂಬುವುದಿಲ್ಲ, ಸ್ಟಿಯರಿಂಗ್ ಬಿಗಿಯುತ್ತದೆ, ಉಳಿಯುವುದು ಏನೂ ಇಲ್ಲವಂತೆ. ಅದನ್ನು ಕೇಳಿ ಟೈರಿನ ಮೇಲೆ ಕೂತೆ. ಏನೂ ಇಲ್ಲದ್ದಕ್ಕೆ ಹೋದರಲ್ಲ ಪುಟ್ಟರಾಜು.

ಮಾರನೆಯ ಬೆಳಿಗ್ಗೆ ಓನರು ತಾವೇ ಸತೀಶನ ಲೋಡ್ ಗಾಡಿ ಹತ್ತಿ ಕೂತರು. ಘಾಟಿಯುದ್ದಕ್ಕೂ ಎರಡನೇ ಗೇರು. ಹಿಂದಿನ ಕಾರುಗಳೆಲ್ಲ ಹಾರ್ನ್ ಹೊಡೆದವಂತೆ, ಹೊಡೆದುಕೊಳ್ಳಲಿ. ಸಂಪಾಜೆಯಲ್ಲಿ ಇಳಿದು ಚಕ್ರದ ಹತ್ತಿರ ಕೈ ಹಿಡಿದು ನೋಡಿದರೆ, ಕೆಂಡದ ಹಾಗಿರುತ್ತಿದ್ದ ಬ್ರೇಕ್ ಡ್ರಮ್ಮು ಬರೀ ಬೆಚ್ಚಗಿತ್ತಂತೆ. ಅಲ್ಲಿಂದಲೇ ನನಗೆ ಫೋನ್ ಮಾಡಿ, "ಮುತ್ತಮ್ಮ, ಇನ್ನು ಸೀರೆ ಇಲ್ಲ. ಇಂಜಿನ್ ಆಫ್ ಮಾಡಿ ಇಳಿದವನಿಗೆ ಗಾಡೀನೂ ಇಲ್ಲ. ನೀವೇ ಎಲ್ಲರಿಗೂ ಹೇಳಿಬಿಡಿ" ಎಂದರು. ಎರಡು ವರ್ಷ ಬೇಡಿದವಳು ಅವತ್ತು ಗೇಟಿನಲ್ಲಿ ನಿಂತು ಅಪ್ಪಣೆ ಕೊಟ್ಟೆ. ಇವತ್ತಿಗೆ ಹನ್ನೆರಡು ಲೋಡು ಇಳಿದಿವೆ, ಎಲ್ಲವೂ ಗೇರಿನಲ್ಲೇ. ನಿನ್ನಣ್ಣ ಇದ್ದಿದ್ದರೆ ಮೀಸೆಯಲ್ಲೇ ನಗುತ್ತಿದ್ದರು.

ಅಕ್ಕ ಭಾವನವರಿಗೆ ನನ್ನ ನಮಸ್ಕಾರ ತಿಳಿಸು. ಕಾವೇರಮ್ಮ ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅತ್ತಿಗೆ,
ಮುತ್ತಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಹೊಸ ಡ್ರೈವರುಗಳ ಪಕ್ಕ ಕೂತು ಘಾಟಿ ಇಳಿಸುವುದನ್ನು ಕಲಿಸಲು ಓನರಿಗೆ ಒಬ್ಬರು ಬೇಕಂತೆ. ನಿನ್ನನ್ನು ಕೇಳದೆಯೇ ನಿನ್ನ ಹೆಸರು ಕೊಟ್ಟಿದ್ದೇನೆ. ನೀನು ಸ್ಟಿಯರಿಂಗ್ ಮುಟ್ಟುವುದು ಬೇಡ, ಎಡಗಡೆ ಕೂತು ಹೇಳಿದರೆ ಸಾಕು. ನೀನು ಹೇಳಿಕೊಟ್ಟರೆ ಜನ ಹಾಗೆಯೇ ಮಾಡುತ್ತಾರೆ, ಅದು ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಭಾನುವಾರದ ಬಸ್ಸಿಗೆ ಬಾ.